ಅಪ್ಪನ ಕೊಲೊನೋಸ್ಕೋಪಿ ಫ್ರೀ ಅಂದರು, ಆಮೇಲೆ ಮೂರು ಬಿಲ್ ಬಂತು

ಎಡಿಸನ್ ಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಅಪ್ಪನಿಗೆ 71. ಅಮೆರಿಕಕ್ಕೆ ಬಂದು ಒಂಬತ್ತು ವರ್ಷ, ಮೆಡಿಕೇರ್, ಅಂದರೆ 65 ದಾಟಿದವರ ಸರ್ಕಾರಿ ಆರೋಗ್ಯ ವಿಮೆ, ಸಿಕ್ಕಿ ನಾಲ್ಕು ವರ್ಷ. ಸರ್ಕಾರವೇ ನೇರವಾಗಿ ಕೊಡುವ ಒರಿಜಿನಲ್ ಮೆಡಿಕೇರ್ ಇದೆ, ಔಷಧಿಗೆ ಪಾರ್ಟ್ ಡಿ ಇದೆ, ನಮ್ಮ ಪಾಲಿನ ಖರ್ಚು ಕಟ್ಟುವ ಖಾಸಗಿ ವಿಮೆ ಮೆಡಿಗ್ಯಾಪ್ ಮಾತ್ರ ತೆಗೆದುಕೊಂಡಿಲ್ಲ. 2025ರ ಜನವರಿಯಲ್ಲಿ ಡಾಕ್ಟರ್ ಫಿಟ್ ಅಂತ, ಕಣ್ಣಿಗೆ ಕಾಣದ ರಕ್ತ ಇದೆಯಾ ನೋಡುವ ಮಲ ಪರೀಕ್ಷೆಯ ಕಿಟ್ ಕೊಟ್ಟರು. ಮನೆಯಲ್ಲೇ ಮಾಡಿ ಕಳಿಸಿದೆವು. ಪಾಸಿಟಿವ್ ಬಂತು. ಅಪ್ಪನಿಗೆ ಯಾವ ತೊಂದರೆಯೂ ಇರಲಿಲ್ಲ, ರಕ್ತ ಹೋಗಿದ್ದಿಲ್ಲ, ತೂಕ ಇಳಿದದ್ದಿಲ್ಲ. ಫೆಬ್ರವರಿಯಲ್ಲಿ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಪೈಪ್ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ, ಆಯಿತು. ಎರಡು ಪಾಲಿಪ್ (ಕರುಳಿನ ಒಳಗೋಡೆಯ ಗಂಟು) ಸಿಕ್ಕವು, ಅಲ್ಲೇ ತೆಗೆದರು. ಲ್ಯಾಬ್ ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಇಲ್ಲ ಅಂತ ಬಂತು. ದೇವರು ದೊಡ್ಡವನು.

ಈಗ ತಲೆಬಿಸಿ ಬೇರೆ. ಹೋಗುವ ಮುಂಚೆ ಕೌಂಟರ್‌ನಲ್ಲಿ ಕೇಳಿದ್ದೆ, ಮೆಡಿಕೇರ್‌ನಲ್ಲಿ ಇದು ಪೂರ್ತಿ ಫ್ರೀ ಅಂದರು. ಹೋದ ವಾರ ಮೂರು ಬಿಲ್ ಬಂದಿವೆ. ಡಾಕ್ಟರದ್ದು ಒಂದು, ಅನಸ್ತೇಷಿಯಾದ್ದು ಒಂದು, ಸರ್ಜರಿ ಸೆಂಟರ್‌ದು ಒಂದು. ಎಲ್ಲ ಸೇರಿ 445 ಡಾಲರ್ 60 ಸೆಂಟ್. ದುಡ್ಡಿನ ಮಾತಲ್ಲ, ಅಪ್ಪ ಅದನ್ನು ನೋಡಿದಾಗಿನಿಂದ ಮೂರು ವರ್ಷ ಬಿಟ್ಟು ಮತ್ತೆ ಮಾಡಿಸಬೇಕಂತಲ್ಲ, ನಾನು ಬರುವುದಿಲ್ಲ ಅಂತ ಕೂತಿದ್ದಾರೆ. ಇದು ಸರಿಯಾದ ಬಿಲ್ಲಾ? ಯಾರಿಗಾದರೂ ಗೊತ್ತಾ?

ಓಹಾಯೋ ಚಿಕ್ಕಪ್ಪ:

ಪಾಲಿಪ್ ತೆಗೆದರೆ ದುಡ್ಡು ಬರುತ್ತದೆ ಮಗಳೇ. ನನಗೂ ಬಂದಿತ್ತು. ನೋಡಿದರೆ ಫ್ರೀ, ಕತ್ತರಿಸಿದರೆ ದುಡ್ಡು. ಲಾಜಿಕ್ ಕೇಳಬೇಡ. ಸುಮ್ನೆ ಕಟ್ಟಿಬಿಡು, ಫೋನಿನಲ್ಲಿ ಗಂಟೆಗಟ್ಟಲೆ ಮ್ಯೂಸಿಕ್ ಕೇಳಿಕೊಂಡು ಕೂರುವುದಕ್ಕಿಂತ ವಾಸಿ.

ಬಿಲ್ಲಿಂಗ್ ಅಕ್ಕ:

ಚಿಕ್ಕಪ್ಪಾ, ದಯವಿಟ್ಟು ಹಾಗೆ ಹೇಳಬೇಡಿ. ನಾನು ಹನ್ನೆರಡು ವರ್ಷದಿಂದ ಹೊಟ್ಟೆ-ಕರುಳಿನ ಡಾಕ್ಟರ್ ಕ್ಲಿನಿಕ್ ಒಂದರಲ್ಲಿ ಬಿಲ್ಲಿಂಗ್ ಮಾಡುತ್ತಿದ್ದೇನೆ. ಇಂಥ ಬಿಲ್ ದಿನಾ ನೋಡುತ್ತೇನೆ. ಎಡಿಸನ್ ಮಗಳೇ, ಕಟ್ಟಬೇಡಿ. ಮೊದಲು ಎರಡು ಪ್ರಶ್ನೆ. ಬಿಲ್‌ನಲ್ಲಿ ಡಿಡಕ್ಟಿಬಲ್ (ವಿಮೆ ಕೊಡಲು ಶುರು ಮಾಡುವ ಮುಂಚೆ ಆ ವರ್ಷ ನಾವೇ ಕಟ್ಟುವ ಮೊತ್ತ) ಅಂತ 257 ಡಾಲರ್ ಹಾಕಿದ್ದಾರಾ? ಮೆಡಿಕೇರ್ ಒಪ್ಪಿಕೊಂಡ ಒಟ್ಟು ಮೊತ್ತ ಎಷ್ಟು?

ಎಡಿಸನ್ ಮಗಳು:

ಹೌದು ಅಕ್ಕ, ಡಾಕ್ಟರ್ ಬಿಲ್ ಮತ್ತು ಅನಸ್ತೇಷಿಯಾ ಬಿಲ್ ಸೇರಿಸಿದರೆ ಡಿಡಕ್ಟಿಬಲ್ ಸರಿಯಾಗಿ 257 ಆಗುತ್ತದೆ. ಉಳಿದದ್ದಕ್ಕೆ 20 ಪರ್ಸೆಂಟ್. ಮೆಡಿಕೇರ್ ಒಪ್ಪಿದ್ದು ಡಾಕ್ಟರ್‌ಗೆ 280, ಅನಸ್ತೇಷಿಯಾಕ್ಕೆ 120, ಸೆಂಟರ್‌ಗೆ 800. ಒಟ್ಟು 1,200.

ಬಿಲ್ಲಿಂಗ್ ಅಕ್ಕ:

ಹಾಗಾದರೆ ನಿಮ್ಮಪ್ಪನ ಕೇಸನ್ನು ಸ್ಕ್ರೀನಿಂಗ್ ಅಂತ ಕಳಿಸದೆ ಡಯಾಗ್ನಾಸ್ಟಿಕ್ ಅಂತ ಕಳಿಸಿದ್ದಾರೆ. ಎಲ್ಲ ತೊಂದರೆಯ ಬೇರು ಇಲ್ಲೇ ಇದೆ. ಅದೇ ಪೈಪು, ಅದೇ ಡಾಕ್ಟರು, ಅದೇ ಅರ್ಧ ಗಂಟೆ. ಆದರೆ ಕಾಗದದ ಮೇಲೆ ಯಾವ ಹೆಸರಿನಲ್ಲಿ ಹೋಯಿತು ಅನ್ನುವುದರ ಮೇಲೆ ದುಡ್ಡು ನಿಂತಿದೆ.

ನಿಧಾನಕ್ಕೆ ಹೇಳುತ್ತೇನೆ. ಯಾವ ಲಕ್ಷಣವೂ ಇಲ್ಲದವರಿಗೆ ಮುಂಜಾಗ್ರತೆಗೆ ಮಾಡುವುದು ಸ್ಕ್ರೀನಿಂಗ್. ಇದು ಮೆಡಿಕೇರ್‌ನಲ್ಲಿ ಡಾಕ್ಟರ್, ಟೆಸ್ಟ್ ಖರ್ಚು ನೋಡಿಕೊಳ್ಳುವ ಪಾರ್ಟ್ ಬಿ ಕೆಳಗೆ ಬರುತ್ತದೆ. ಏನೂ ಸಿಗದಿದ್ದರೆ ನಿಮ್ಮ ಪಾಲು ಸೊನ್ನೆ, ಅನಸ್ತೇಷಿಯಾಕ್ಕೂ ಸೊನ್ನೆ. ರಕ್ತ ಹೋಗುತ್ತಿದೆ, ಹೊಟ್ಟೆನೋವಿದೆ ಅಂತ ಕಾರಣ ಹುಡುಕಲು ಮಾಡಿದರೆ ಅದು ಡಯಾಗ್ನಾಸ್ಟಿಕ್. ಅದಕ್ಕೆ ಡಿಡಕ್ಟಿಬಲ್ ಇದೆ, ಆಮೇಲೆ 20 ಪರ್ಸೆಂಟ್ ನಮ್ಮದು.

ಜಗಳವೆಲ್ಲ ಇರುವುದು ನಡುವಿನ ಜಾಗದಲ್ಲಿ. ಸ್ಕ್ರೀನಿಂಗ್ ಅಂತ ಒಳಗೆ ಹೋದರು, ಪಾಲಿಪ್ ಸಿಕ್ಕಿತು, ತೆಗೆದರು. ಆಗ ಡಿಡಕ್ಟಿಬಲ್ ಹಾಕುವ ಹಾಗಿಲ್ಲ, ಆದರೆ ಕೋ-ಇನ್ಶೂರೆನ್ಸ್, ಅಂದರೆ ಒಪ್ಪಿದ ಮೊತ್ತದಲ್ಲಿ ನಮ್ಮ ಪಾಲು, ಇದೆ. ಮೊದಲು 20 ಪರ್ಸೆಂಟ್ ಇತ್ತು. 2020ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ಕಾನೂನು ಬದಲಾಯಿಸಿತು. ಅದರ ಪ್ರಕಾರ 2023ರಿಂದ 2026ರವರೆಗೆ 15 ಪರ್ಸೆಂಟ್, 2027ರಿಂದ 2029ರವರೆಗೆ 10, 2030ರಿಂದ ಸೊನ್ನೆ. ಹೀಗೆ ಕಂತಿನಲ್ಲಿ ಯಾಕೆ ಇಳಿಸಿದರು ಅಂದರೆ ಬಜೆಟ್ ಲೆಕ್ಕ, ಇನ್ನೇನು.

ನಿಮ್ಮ ಕೇಸಿಗೆ ಇನ್ನೊಂದು ನಿಯಮ ಸೇರುತ್ತದೆ. 2022ರ ಕೊನೆಯವರೆಗೂ ಮಲ ಪರೀಕ್ಷೆ ಪಾಸಿಟಿವ್ ಬಂದಮೇಲೆ ಮಾಡುವ ಕೊಲೊನೋಸ್ಕೋಪಿಯನ್ನು ಡಯಾಗ್ನಾಸ್ಟಿಕ್ ಅಂತಲೇ ಲೆಕ್ಕ ಹಾಕುತ್ತಿದ್ದರು. 2023ರ ಜನವರಿ 1ರಿಂದ ಅದೂ ಸ್ಕ್ರೀನಿಂಗ್‌ನ ಮುಂದುವರಿದ ಭಾಗ ಅಂತ ಮಾಡಿದ್ದಾರೆ. 2025ರಿಂದ ರಕ್ತ ಪರೀಕ್ಷೆ ಪಾಸಿಟಿವ್ ಬಂದವರಿಗೂ ಹಾಗೇ. ಹಳೆಯ ಅಭ್ಯಾಸದ ಕೈ, ನಿಮ್ಮ ಕ್ಲಿನಿಕ್‌ನವರು ಹಳೇ ಥರಾನೇ ಕೋಡ್ ಹಾಕಿರಬೇಕು.

ಸರಿಯಾದ ಲೆಕ್ಕ: 1,200ಕ್ಕೆ 15 ಪರ್ಸೆಂಟ್, ಅಂದರೆ 180 ಡಾಲರ್. ಲ್ಯಾಬ್‌ನವರು ಪಾಲಿಪ್ ಪರೀಕ್ಷೆ ಮಾಡಿದ್ದಕ್ಕೆ ಬೇರೆ ಬಿಲ್ ಬರಬಹುದು, ಅದನ್ನು ಇದಕ್ಕೆ ಸೇರಿಸಬೇಡಿ.

ಡಲ್ಲಾಸ್ ಅಳಿಯ:

ಅಕ್ಕ, ನೀವು ಇಷ್ಟು ದಿನ ಎಲ್ಲಿದ್ದಿರಿ! ನಮ್ಮ ಮಾವನವರದ್ದು ಹೋದ ವರ್ಷ ಹೀಗೇ ಆಯಿತು, ನಾವು ಬಾಯಿ ಮುಚ್ಚಿಕೊಂಡು ಕಟ್ಟಿದೆವು. ಒಂದು ಡೌಟು. ಮಾವನಿಗೆ ಆಗೊಮ್ಮೆ ಈಗೊಮ್ಮೆ ರಕ್ತ ಕಾಣಿಸುತ್ತಿತ್ತು, ಮೂಲವ್ಯಾಧಿ ಇರಬೇಕು ಅಂತ ಸುಮ್ಮನಿದ್ದರು. ಅದನ್ನು ಡಾಕ್ಟರ್‌ಗೆ ಹೇಳದೇ ಇದ್ದರೆ ಸ್ಕ್ರೀನಿಂಗ್ ಆಗುತ್ತಿತ್ತು, ಅಲ್ವಾ?

ಬಿಲ್ಲಿಂಗ್ ಅಕ್ಕ:

ಆಗುತ್ತಿತ್ತು. ಆದರೆ ಹಾಗೆ ಯಾವತ್ತೂ ಮಾಡಬೇಡಿ. ರಕ್ತ ಹೋಗುತ್ತಿದೆ ಅಂದರೆ ಡಾಕ್ಟರ್ ಬೇಗ ಡೇಟ್ ಕೊಡುತ್ತಾರೆ, ಬೇರೆ ಟೆಸ್ಟ್ ಬರೆಯುತ್ತಾರೆ. ಮುಚ್ಚಿಟ್ಟರೆ ಮೂರು ತಿಂಗಳು ಬಿಟ್ಟು ಡೇಟ್ ಸಿಗುತ್ತದೆ. ನೂರಿನ್ನೂರು ಡಾಲರ್ ಉಳಿಸಲು ಹೋಗಿ ರೋಗವನ್ನು ಸಾಕಿಕೊಳ್ಳುವುದಾ? ಆಫೀಸಿನಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಗಟ್ಟಿಯಾಗಿ ಹೇಳುತ್ತಿದ್ದೇನೆ.

ನಿವೃತ್ತ ಮೇಷ್ಟ್ರು:

ನನಗೆ 74. ಇದೆಲ್ಲ ಓದಿದ ಮೇಲೆ ಯಾವುದೂ ಬೇಡ ಅನ್ನಿಸುತ್ತದೆ. ಚೆನ್ನಾಗಿ ತಿನ್ನುತ್ತೇನೆ, ದಿನಾ ನಾಲ್ಕು ಮೈಲಿ ನಡೆಯುತ್ತೇನೆ, ಬೆಳಿಗ್ಗೆ ಆರಕ್ಕೆ ಸರಿಯಾಗಿ ಹೊಟ್ಟೆ ಖಾಲಿ ಆಗುತ್ತದೆ. ಇದ್ದಕ್ಕಿದ್ದ ಹಾಗೆ ಪೈಪ್ ಹಾಕಿಸಿಕೊಳ್ಳುವುದು ಯಾವ ಜಾಣತನ? ಈಗ ಅದೇನೋ ರಕ್ತ ಪರೀಕ್ಷೆ ಬಂದಿದೆಯಂತೆ, ಅದೊಂದು ಸಾಲದೇ?

ಫ್ರೀಮಾಂಟ್ ಸೊಸೆ:

ಮೇಷ್ಟ್ರೇ, ನಮ್ಮ ಮಾವ ಅಕ್ಷರಶಃ ಇದೇ ಮಾತು ಆಡುತ್ತಿದ್ದರು, ಬೆಳಿಗ್ಗೆ ಆರರ ಲೆಕ್ಕ ಸಮೇತ. ರಕ್ತ ಪರೀಕ್ಷೆ ಇರುವುದು ನಿಜ. ಶೀಲ್ಡ್ ಅಂತ ಹೆಸರು, 2024ರ ಜುಲೈನಲ್ಲಿ ಇಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಲಕ್ಷಣ ಇಲ್ಲದ, ಜಾಸ್ತಿ ಅಪಾಯ ಇಲ್ಲದ 45ರಿಂದ 85 ವಯಸ್ಸಿನವರಿಗೆ ಮೂರು ವರ್ಷಕ್ಕೊಮ್ಮೆ ಮೆಡಿಕೇರ್ ಕೊಡುತ್ತದೆ. ಆದರೆ ಅದರ ಅಧ್ಯಯನದಲ್ಲಿ ಕ್ಯಾನ್ಸರ್ ಇದ್ದವರಲ್ಲಿ ಸುಮಾರು 83 ಪರ್ಸೆಂಟ್ ಜನರನ್ನು ಹಿಡಿಯಿತು, ಮುಂದೆ ಕ್ಯಾನ್ಸರ್ ಆಗಬಹುದಾದ ದೊಡ್ಡ ಪಾಲಿಪ್ ಇದ್ದವರನ್ನು ಬರೀ 13 ಪರ್ಸೆಂಟ್. ಅಂದರೆ ಕಳ್ಳ ಮನೆಯೊಳಗೆ ಬಂದಮೇಲೆ ಬೊಗಳುವ ನಾಯಿ ಅದು, ಗೇಟಿನ ಹತ್ತಿರ ನಿಂತಾಗ ಸುಮ್ಮನಿರುತ್ತದೆ. ನಮಗೆ ಬೇಕಾಗಿರುವುದು ಗೇಟಿನ ಹತ್ತಿರ ಹಿಡಿಯುವುದು, ಯಾಕೆಂದರೆ ಪಾಲಿಪ್ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಹಿಡಿಯುತ್ತದೆ. ಅಷ್ಟರಲ್ಲಿ ತೆಗೆದುಬಿಟ್ಟರೆ ಕಥೆ ಮುಗಿಯಿತು.

ಪೈಪ್ ಬೇಡ ಅಂದರೆ ಮಲ ಪರೀಕ್ಷೆ ಮಾಡಿಸಿ. ಫಿಟ್ ವರ್ಷಕ್ಕೊಮ್ಮೆ ಫ್ರೀ. ಮಲದ ಡಿಎನ್‌ಎ ನೋಡುವ ಕೊಲೊಗಾರ್ಡ್ ಮೂರು ವರ್ಷಕ್ಕೊಮ್ಮೆ ಫ್ರೀ, ಅದೂ 85ರವರೆಗೆ. 2014ರಲ್ಲಿ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ದರು. ಡಿಎನ್‌ಎ ಪರೀಕ್ಷೆ 92 ಪರ್ಸೆಂಟ್ ಕ್ಯಾನ್ಸರ್ ಹಿಡಿಯಿತು, ಫಿಟ್ 74. ದೊಡ್ಡ ಪಾಲಿಪ್‌ಗಳ ವಿಷಯದಲ್ಲಿ 42 ಮತ್ತು 24. ಕೊಲೊಗಾರ್ಡ್ ಸುಳ್ಳು ಗಂಟೆ ಬಾರಿಸುವುದು ಸ್ವಲ್ಪ ಜಾಸ್ತಿ. ಯಾವುದೇ ಪಾಸಿಟಿವ್ ಬಂದರೂ ಕೊನೆಗೆ ಪೈಪ್ ತಪ್ಪುವುದಿಲ್ಲ, ಅದನ್ನು ಒಪ್ಪಿಕೊಂಡೇ ಶುರು ಮಾಡಿ.

ನಿವೃತ್ತ ಮೇಷ್ಟ್ರು:

ನಾಯಿ ಉದಾಹರಣೆ ಚೆನ್ನಾಗಿದೆ. ಯೋಚನೆ ಮಾಡುತ್ತೇನೆ.

ಡಲ್ಲಾಸ್ ಅಳಿಯ:

ಮಾವನಿಗೆ ಹಾರ್ಟ್ ತೊಂದರೆ, ರಕ್ತ ತೆಳು ಮಾಡುವ ಮಾತ್ರೆ ಬೇರೆ. ಮಂಪರು ಕೊಟ್ಟು ಮಾಡುವುದಕ್ಕೆ ಎಲ್ಲರಿಗೂ ಹೆದರಿಕೆ ಇತ್ತು. ಸಿ.ಟಿ. ಸ್ಕ್ಯಾನ್‌ನಲ್ಲಿ ಕರುಳು ನೋಡುತ್ತಾರಂತಲ್ಲ, ಅದನ್ನು ಮೆಡಿಕೇರ್ ಕೊಡುತ್ತದಾ?

ಬಿಲ್ಲಿಂಗ್ ಅಕ್ಕ:

2025ರ ಜನವರಿಯಿಂದ ಕೊಡುತ್ತದೆ. ಬಹಳ ವರ್ಷ ಒಪ್ಪಿರಲಿಲ್ಲ. ಸಾಮಾನ್ಯ ಅಪಾಯದವರಿಗೆ ಐದು ವರ್ಷಕ್ಕೊಮ್ಮೆ, ಜಾಸ್ತಿ ಅಪಾಯದವರಿಗೆ ಎರಡು ವರ್ಷಕ್ಕೊಮ್ಮೆ. ಇದಕ್ಕೆ ಬದಲಾಗಿ ಬೇರಿಯಂ ಎನಿಮಾ ಅನ್ನುವ ಹಳೆಯ ಎಕ್ಸ್‌ರೇ ಪರೀಕ್ಷೆಯನ್ನು ಪಟ್ಟಿಯಿಂದ ತೆಗೆದರು, ಅದನ್ನು ಈಗ ಯಾರೂ ಮಾಡಿಸುತ್ತಿರಲೂ ಇಲ್ಲ. ಆದರೆ ಹೊಟ್ಟೆ ತೊಳೆಯುವ ಔಷಧಿ ಇದಕ್ಕೂ ಕುಡಿಯಬೇಕು. ಮತ್ತೆ ರಕ್ತ ಕಾಣಿಸುತ್ತಿತ್ತು ಅಂದಿರಲ್ಲ, ಹಾಗಿರುವಾಗ ಸ್ಕ್ರೀನಿಂಗ್ ಅನ್ನುವ ಹೆಸರೇ ಬರುವುದಿಲ್ಲ. ಹಾರ್ಟ್ ಡಾಕ್ಟರನ್ನೂ ಸೇರಿಸಿಕೊಂಡು ಮಾತಾಡಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಮಿಚಿಗನ್ ರಾಯರು:

ನನ್ನ ಕಥೆ ಕೇಳಿ, ಇನ್ನೂ ತಮಾಷೆಯಾಗಿದೆ. ಹತ್ತು ವರ್ಷಕ್ಕೊಮ್ಮೆ ಅಂತ ಎಲ್ಲರೂ ಹೇಳುತ್ತಾರಲ್ಲ. ನಾನು ನಿಷ್ಠೆಯಿಂದ ಕ್ಯಾಲೆಂಡರ್‌ನಲ್ಲಿ ಬರೆದಿಟ್ಟು, ಮಗಳು ರಜೆಗೆ ಬರುತ್ತಾಳೆ ಡ್ರೈವ್ ಮಾಡುತ್ತಾಳೆ ಅಂತ ಎರಡು ತಿಂಗಳು ಮುಂಚೆಯೇ ಹೋಗಿ ಮಾಡಿಸಿದೆ. ಮೆಡಿಕೇರ್ ಕೊಡಲ್ಲ ಅಂದಿತು. ಪೂರ್ತಿ ಮೊತ್ತ ನನ್ನ ತಲೆಗೆ! ಅವರ ಲೆಕ್ಕ ವರ್ಷದಲ್ಲಿ ಅಲ್ಲವಂತೆ, ತಿಂಗಳಲ್ಲಂತೆ.

ಬಿಲ್ಲಿಂಗ್ ಅಕ್ಕ:

ಹೌದು ರಾಯರೇ, 120 ತಿಂಗಳು. ಹಿಂದಿನದು ಮಾಡಿಸಿದ ತಿಂಗಳು ಬಿಟ್ಟು, ಅದರ ಮುಂದಿನ ತಿಂಗಳಿಂದ ಎಣಿಸಿದರೆ ಪೂರ್ತಿ 119 ತಿಂಗಳು ಮುಗಿದಿರಬೇಕು. ಮಾರ್ಚ್‌ನಲ್ಲಿ ಮಾಡಿಸಿದ್ದರೆ ಹತ್ತು ವರ್ಷ ಬಿಟ್ಟು ಅದೇ ಮಾರ್ಚ್, ಫೆಬ್ರವರಿ ಅಲ್ಲ. ಜಾಸ್ತಿ ಅಪಾಯ ಇರುವವರಿಗೆ ಮಾತ್ರ 24 ತಿಂಗಳು. ಯಾರು ಅಂದರೆ ಮೊದಲೇ ಅಡಿನೋಮ (ಮುಂದೆ ಕ್ಯಾನ್ಸರ್ ಆಗಬಹುದಾದ) ಪಾಲಿಪ್ ತೆಗೆಸಿದವರು, ಅಪ್ಪ ಅಮ್ಮ ಒಡಹುಟ್ಟಿದವರು ಮಕ್ಕಳಲ್ಲಿ ಯಾರಿಗಾದರೂ ಕರುಳು ಕ್ಯಾನ್ಸರ್ ಅಥವಾ ಅಂಥ ಪಾಲಿಪ್ ಇದ್ದವರು, ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಅನ್ನುವ ಕರುಳಿನ ಉರಿಯೂತ ಇದ್ದವರು.

ನಿಮಗೊಂದು ಪ್ರಶ್ನೆ. ಮಾಡುವ ಮುಂಚೆ "ಮೆಡಿಕೇರ್ ಕೊಡದೇ ಇರಬಹುದು, ಆಗ ನಾನೇ ಕಟ್ಟುತ್ತೇನೆ" ಅನ್ನುವ ಕಾಗದಕ್ಕೆ ಸಹಿ ಹಾಕಿಸಿಕೊಂಡರಾ? ಎಬಿಎನ್ ಅಂತಾರೆ ಅದಕ್ಕೆ. ಅವಧಿಯ ಮಿತಿ ಇರುವ ಪರೀಕ್ಷೆಗೆ ಆ ಸಹಿ ಇಲ್ಲದಿದ್ದರೆ ಒರಿಜಿನಲ್ ಮೆಡಿಕೇರ್‌ನಲ್ಲಿ ನಿಮ್ಮಿಂದ ವಸೂಲಿ ಮಾಡುವ ಹಾಗಿಲ್ಲ.

ಮಿಚಿಗನ್ ರಾಯರು:

ಅವತ್ತು ಒಂದು ಕಟ್ಟು ಕಾಗದ ಕೊಟ್ಟರು, ಎಲ್ಲದಕ್ಕೂ ಸಹಿ ಹಾಕಿದೆ. ಬರೀ ಹೊಟ್ಟೆಯಲ್ಲಿ ಯಾರಮ್ಮ ಓದುತ್ತಾರೆ? ಫೈಲ್ ತೆಗೆದು ನೋಡುತ್ತೇನೆ.

ಆಸ್ಟಿನ್ ಮಗ:

ನಮ್ಮಮ್ಮನಿಗೆ 68. ಗ್ರೀನ್ ಕಾರ್ಡ್ ಬಂದು ಮೂರು ವರ್ಷ. ಮೆಡಿಕೇರ್ ಇಲ್ಲ. ನಾನು 18 ವರ್ಷದಿಂದ ಇಲ್ಲಿ ಟ್ಯಾಕ್ಸ್ ಕಟ್ಟುತ್ತಿದ್ದೇನೆ, ನನ್ನ ಲೆಕ್ಕದಲ್ಲಿ ಅಮ್ಮನಿಗೆ ಸಿಗುವುದಿಲ್ಲವಾ?

ಫ್ರೀಮಾಂಟ್ ಸೊಸೆ:

ಗಂಡ ಹೆಂಡತಿ ಒಬ್ಬರ ದುಡಿಮೆ ಇನ್ನೊಬ್ಬರಿಗೆ ಲೆಕ್ಕಕ್ಕೆ ಬರುತ್ತದೆ, ಮಕ್ಕಳದ್ದು ಬರುವುದಿಲ್ಲ. 65 ದಾಟಿರಬೇಕು, ಗ್ರೀನ್ ಕಾರ್ಡ್‌ನಲ್ಲಿ ಸತತ ಐದು ವರ್ಷ ಇಲ್ಲೇ ಇದ್ದಿರಬೇಕು. ಆಮೇಲೆ ದುಡ್ಡು ಕೊಟ್ಟು ಸೇರಬಹುದು. 2025ರಲ್ಲಿ ಆಸ್ಪತ್ರೆ ಖರ್ಚಿನ ಪಾರ್ಟ್ ಎ ತಿಂಗಳಿಗೆ 518 ಡಾಲರ್ ಇತ್ತು, ಇಲ್ಲಿ ಯಾರೂ ಕೆಲಸ ಮಾಡಿರದಿದ್ದರೆ. ಪಾರ್ಟ್ ಬಿ 185 ಇತ್ತು. ಬಹಳ ಜನಕ್ಕೆ ಗೊತ್ತಿಲ್ಲದ್ದು ಏನೆಂದರೆ ಪಾರ್ಟ್ ಬಿ ಒಂದನ್ನೇ ತೆಗೆದುಕೊಳ್ಳಬಹುದು, ಮತ್ತು ಕರುಳಿನ ಸ್ಕ್ರೀನಿಂಗ್ ಪೂರ್ತಿ ಬರುವುದು ಅದರಲ್ಲೇ. ಆಸ್ಪತ್ರೆ ಸೇರಿದರೆ ಏನು ಅನ್ನುವುದು ಬೇರೆ ಪ್ರಶ್ನೆ, ಅದನ್ನು ಸುಲಭಕ್ಕೆ ಬಿಡಬೇಡಿ. ಐದು ವರ್ಷ ಆದ ತಕ್ಷಣ ಸೇರಿಸಿ. ತಡ ಮಾಡಿದರೆ ಪಾರ್ಟ್ ಬಿಗೆ ಪ್ರತಿ ಹನ್ನೆರಡು ತಿಂಗಳಿಗೆ 10 ಪರ್ಸೆಂಟ್ ದಂಡ, ಅದೂ ಜೀವನಪೂರ್ತಿ.

ಅಲ್ಲಿಯವರೆಗೆ ಮಾರ್ಕೆಟ್‌ಪ್ಲೇಸ್ (ಸರ್ಕಾರದ ವಿಮೆ ಮಾರುಕಟ್ಟೆ) ಪ್ಲಾನ್ ನೋಡಿ. ಗ್ರೀನ್ ಕಾರ್ಡ್ ಇರುವ, ಮೆಡಿಕೇರ್ ಇಲ್ಲದ ಹಿರಿಯರೂ ಕೊಳ್ಳಬಹುದು, 75ರವರೆಗೆ ಕರುಳಿನ ಸ್ಕ್ರೀನಿಂಗ್ ಅದರಲ್ಲಿ ಕೋಪೇ, ಅಂದರೆ ಕೈಯಿಂದ ಕಟ್ಟುವ ಪಾಲು, ಇಲ್ಲದೆ ಬರುತ್ತದೆ. ವಿಸಿಟರ್ ಇನ್ಶೂರೆನ್ಸ್ ನಂಬಿಕೊಂಡು ಕೂರಬೇಡಿ.

ಓಹಾಯೋ ಚಿಕ್ಕಪ್ಪ:

ನಾನು ಖಾಸಗಿ ಕಂಪನಿ ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಪ್ಲಾನ್‌ನಲ್ಲಿದ್ದೇನೆ. ಈ 15 ಪರ್ಸೆಂಟ್ ನನಗೂ ಇದೆಯಾ?

ಬಿಲ್ಲಿಂಗ್ ಅಕ್ಕ:

ಒರಿಜಿನಲ್ ಮೆಡಿಕೇರ್ ಕೊಡುವುದನ್ನೆಲ್ಲ ಅವರೂ ಕೊಡಬೇಕು. ಸ್ಕ್ರೀನಿಂಗ್‌ಗೆ ನೆಟ್‌ವರ್ಕ್ (ಪ್ಲಾನಿನ ಪಟ್ಟಿಯಲ್ಲಿರುವ ಡಾಕ್ಟರ್, ಸೆಂಟರ್) ಒಳಗೆ ಸೊನ್ನೆ. ಪಾಲಿಪ್ ತೆಗೆದಾಗ ಎಷ್ಟು ಅನ್ನುವುದು ಪ್ಲಾನಿನಿಂದ ಪ್ಲಾನಿಗೆ ಬೇರೆ, ಕೆಲವರು ಏನೂ ತೆಗೆದುಕೊಳ್ಳುವುದಿಲ್ಲ. ಪ್ಲಾನಿನ ದಪ್ಪ ಪುಸ್ತಕದಲ್ಲಿ ಕೊಲೊರೆಕ್ಟಲ್ ಅನ್ನುವ ಕಡೆ ಓದಿ. ಮತ್ತೆ ಡಾಕ್ಟರ್ ಒಬ್ಬರೇ ನೆಟ್‌ವರ್ಕ್‌ನಲ್ಲಿದ್ದರೆ ಸಾಲದು, ಸೆಂಟರ್ ಕೂಡ ಇರಬೇಕು. ಮೆಡಿಗ್ಯಾಪ್ ಜಿ ಥರದ್ದು ಇದ್ದವರಿಗೆ ಆ 15 ಪರ್ಸೆಂಟನ್ನು ಮೆಡಿಗ್ಯಾಪೇ ಕಟ್ಟುತ್ತದೆ. ಆದರೆ ಪಾರ್ಟ್ ಬಿ ಶುರುವಾದ ಆರು ತಿಂಗಳೊಳಗೆ ತೆಗೆದುಕೊಳ್ಳದಿದ್ದರೆ ಆಮೇಲೆ ಹೆಚ್ಚಿನ ರಾಜ್ಯಗಳಲ್ಲಿ ಆರೋಗ್ಯದ ಪ್ರಶ್ನೆ ಕೇಳುತ್ತಾರೆ, ಇಲ್ಲ ಅನ್ನಲೂಬಹುದು.

ಎಡಿಸನ್ ಮಗಳು:

ನಮಗೆ ಆ ಆರು ತಿಂಗಳ ವಿಷಯ ಗೊತ್ತೇ ಇರಲಿಲ್ಲ. ಹೋಗಲಿ ಬಿಡಿ. ಅಕ್ಕ, ಫೋನ್ ಮಾಡಿ ಏನು ಹೇಳಲಿ? ಅಪ್ಪನಿಗೆ ಇಂಗ್ಲಿಷ್ ಬರುತ್ತದೆ, ಆದರೆ ಫೋನಿನಲ್ಲಿ ಗಾಬರಿ.

ಬಿಲ್ಲಿಂಗ್ ಅಕ್ಕ:

ಮೊದಲು ಮೆಡಿಕೇರ್‌ಗೆ ಅಲ್ಲ, ಡಾಕ್ಟರ್ ಆಫೀಸಿನ ಬಿಲ್ಲಿಂಗ್‌ಗೆ ಮಾಡಿ. ಹೀಗೆ ಹೇಳಿ: ಇದು ಫಿಟ್ ಪಾಸಿಟಿವ್ ಬಂದಮೇಲೆ ಮಾಡಿದ ಸ್ಕ್ರೀನಿಂಗ್, ಲಕ್ಷಣ ಏನೂ ಇರಲಿಲ್ಲ, ಪಿಟಿ ಮಾಡಿಫೈಯರ್ (ಬಿಲ್ ಕೋಡ್ ಪಕ್ಕ ಹಾಕುವ ಎರಡಕ್ಷರ) ಹಾಕಿದ್ದೀರಾ ನೋಡಿ, ಕೆಎಕ್ಸ್ ಬೇಕಾ ನೋಡಿ, ಸರಿ ಮಾಡಿ ಕ್ಲೇಮ್ ಮತ್ತೆ ಕಳಿಸಿ. ಪಿಟಿ ಅಂದರೆ ಸ್ಕ್ರೀನಿಂಗ್ ಅಂತ ಶುರುವಾಗಿ ಚಿಕಿತ್ಸೆ ಆದದ್ದು. ಕೆಎಕ್ಸ್ ಅಂದರೆ ಹಿಂದಿನ ಪರೀಕ್ಷೆ ಪಾಸಿಟಿವ್ ಬಂದದ್ದಕ್ಕೆ ಮಾಡಿದ್ದು. ಈ ಎರಡು ಪದ ಹೇಳಿದರೆ ಆ ಕಡೆಯವರ ದನಿಯೇ ಬದಲಾಗುತ್ತದೆ, ನೋಡುತ್ತಿರಿ. ಸೆಂಟರ್‌ಗೂ ಅನಸ್ತೇಷಿಯಾದವರಿಗೂ ಬೇರೆ ಬೇರೆಯಾಗಿ ಮಾಡಬೇಕು, ಒಬ್ಬರು ಸರಿ ಮಾಡಿದರೆ ಇನ್ನೊಬ್ಬರದು ತಾನಾಗಿ ಸರಿಯಾಗುವುದಿಲ್ಲ. ಮಾತಾಡಿದವರ ಹೆಸರು, ತಾರೀಖು ಬರೆದಿಟ್ಟುಕೊಳ್ಳಿ.

ಒಪ್ಪದಿದ್ದರೆ ಅಪೀಲು. ಮೆಡಿಕೇರ್‌ನಿಂದ ಎಮ್‌ಎಸ್‌ಎನ್ ಅಂತ ವಿವರದ ಕಾಗದ ಬರುತ್ತದೆ, ಅದು ಕೈಗೆ ಸಿಕ್ಕ ಮೇಲೆ 120 ದಿನ ಟೈಮ್ ಇದೆ. 1-800-633-4227ಗೆ ಮಾಡಿದರೆ ದುಭಾಷಿ ಕೇಳಬಹುದು, ದುಡ್ಡಿಲ್ಲ. ಅಪ್ಪ ಪಕ್ಕದಲ್ಲಿ ಕೂತು "ನನ್ನ ಮಗಳು ಮಾತಾಡುತ್ತಾಳೆ" ಅಂದರೆ ಸಾಕು. ಪ್ರತಿ ರಾಜ್ಯದಲ್ಲಿ ಶಿಪ್ ಅಂತ ಉಚಿತ ಸಲಹೆ ಕೊಡುವವರೂ ಇದ್ದಾರೆ, ಅವರು ಏನನ್ನೂ ಮಾರುವುದಿಲ್ಲ. ಟಿವಿ ಜಾಹೀರಾತಿನ ಏಜೆಂಟ್‌ಗೆ ಫೋನ್ ಮಾಡಬೇಡಿ ದಯವಿಟ್ಟು.

ಆಸ್ಟಿನ್ ಮಗ:

ಸೈಡ್ ಪ್ರಶ್ನೆ. ಹಿಂದಿನ ದಿನ ಬರೀ ತಿಳಿ ದ್ರವ ಅಂತಾರಲ್ಲ. ಅಮ್ಮನಿಗೆ ಸಾರು ಇಲ್ಲದೆ ಆಗುವುದಿಲ್ಲ. ತಿಳಿಸಾರು ಆಗುತ್ತದಾ?

ಫ್ರೀಮಾಂಟ್ ಸೊಸೆ:

ಹೆಸರಿನಲ್ಲಿ ತಿಳಿ ಇದ್ದ ಮಾತ್ರಕ್ಕೆ ಆಗುವುದಿಲ್ಲ! ಬೇಳೆ, ಟೊಮೇಟೊ ಬೀಜ, ಸಾಸಿವೆ, ಎಲ್ಲ ಕರುಳಿನ ಗೋಡೆಗೆ ಅಂಟಿಕೊಂಡು ಕೂರುತ್ತವೆ. ಲೋಟದ ಆಚೆ ಅಕ್ಷರ ಕಾಣಬೇಕು, ಅದು ತಿಳಿ. ನಾವು ಮಾವನಿಗೆ ಸೋಸಿದ ತರಕಾರಿ ನೀರಿಗೆ ಉಪ್ಪು ಹಾಕಿ ಕೊಟ್ಟೆವು. ಕೆಂಪು ಬಣ್ಣದ್ದು ಏನೂ ಬೇಡ, ಒಳಗೆ ರಕ್ತದ ಹಾಗೆ ಕಾಣುತ್ತದೆ. ಔಷಧಿ ಪಾರ್ಟ್ ಡಿಯಲ್ಲಿ ಬರುತ್ತದೆ, ಪಾರ್ಟ್ ಬಿಯಲ್ಲಿ ಅಲ್ಲ, ಅದಕ್ಕೆ ಬೇರೆ ಕೋಪೇ. ಡಾಕ್ಟರ್ ಯಾವುದನ್ನು ಬರೆದಿದ್ದಾರೆ ಅನ್ನುವುದರ ಮೇಲೆ ಬೆಲೆಯಲ್ಲಿ ಬಹಳ ವ್ಯತ್ಯಾಸ ಇರುತ್ತದೆ, ಅಗ್ಗದ್ದು ಇದೆಯಾ ಅಂತ ಬಾಯಿಬಿಟ್ಟು ಕೇಳಿ.

ಡಲ್ಲಾಸ್ ಅಳಿಯ:

ನಮ್ಮ ಅಜ್ಜಿಗೆ 83. ಅವರಿಗೂ ಕಿಟ್ ಬಂದಿದೆ. ಮಾಡಿಸಬೇಕಾ?

ಬಿಲ್ಲಿಂಗ್ ಅಕ್ಕ:

ಕೊಲೊನೋಸ್ಕೋಪಿಗೆ ಮೆಡಿಕೇರ್‌ನಲ್ಲಿ ವಯಸ್ಸಿನ ಮಿತಿ ಇಲ್ಲ. ಆದರೆ ದುಡ್ಡು ಕೊಡುತ್ತಾರೆ ಅಂದ ಮಾತ್ರಕ್ಕೆ ಮಾಡಿಸಲೇಬೇಕು ಅಂತಲ್ಲ. ಎಲ್ಲರೂ ಮಾಡಿಸಿ ಅನ್ನುವ ಸಲಹೆ ಇರುವುದು 45ರಿಂದ 75ರವರೆಗೆ. 76ರಿಂದ 85 ಅವರವರ ಆರೋಗ್ಯ ನೋಡಿಕೊಂಡು. ಅಜ್ಜಿಯನ್ನು ನೋಡುವ ಡಾಕ್ಟರನ್ನು ಕೇಳಿ, ನನ್ನನ್ನಲ್ಲ. ಪಾಸಿಟಿವ್ ಬಂದರೆ ಮುಂದಿನದನ್ನು ಅಜ್ಜಿ ತಡೆದುಕೊಳ್ಳುತ್ತಾರಾ ಅಂತ ಕಿಟ್ ಒಡೆಯುವ ಮುಂಚೆಯೇ ಯೋಚಿಸಬೇಕು.

ಎಡಿಸನ್ ಮಗಳು:

ಅಪ್‌ಡೇಟ್, ಐದು ವಾರ ಆದಮೇಲೆ. ಡಾಕ್ಟರ್ ಆಫೀಸಿನವರು ಮೊದಲ ಸಲ ಆಗಲ್ಲ ಅಂದರು. ಎರಡನೇ ಸಲ ಪಿಟಿ ಅಂದೆ, ಒಂದು ನಿಮಿಷ ಅಂತ ಹೋಲ್ಡ್ ಹಾಕಿ ವಾಪಸ್ ಬಂದು ಸಾರಿ ಅಂದರು. ಅನಸ್ತೇಷಿಯಾದವರು ಮೂರು ಸಲ ಫೋನ್ ಮಾಡಿಸಿದರು. ಇವತ್ತು ಎಲ್ಲ ಸರಿಯಾಗಿ ಬಂತು: 42, 18, 120. ಒಟ್ಟು 180. ಅಕ್ಕ ಹೇಳಿದ ಲೆಕ್ಕವೇ. ಅಪ್ಪ ಎರಡೂ ಕಾಗದ ಪಕ್ಕದಲ್ಲಿಟ್ಟುಕೊಂಡು ಪೆನ್ಸಿಲ್‌ನಲ್ಲಿ ಲೆಕ್ಕ ಹಾಕಿ, ಮುಂದಿನ ಸಲ 2028, ಆಗ 10 ಪರ್ಸೆಂಟ್ ತಾನೆ ಅಂದರು. ಅಂದರೆ ಬರುತ್ತಾರೆ ಅಂತ ಅರ್ಥ.

ಮಿಚಿಗನ್ ರಾಯರು:

ನನ್ನ ಫೈಲಿನಲ್ಲಿ ಎಬಿಎನ್ ಇರಲಿಲ್ಲ! ಅಪೀಲು ಹಾಕಿದ್ದೇನೆ.

ಫ್ರೀಮಾಂಟ್ ಸೊಸೆ:

ಸೂಪರ್ ರಾಯರೇ. ಮೇಷ್ಟ್ರೇ, ನಿಮ್ಮದೇನಾಯಿತು?

ನಿವೃತ್ತ ಮೇಷ್ಟ್ರು:

ಡಾಕ್ಟರ್ ಹತ್ತಿರ ಫಿಟ್ ಕಿಟ್ ಕೇಳಿ ತಂದಿದ್ದೇನೆ. ಬಾತ್‌ರೂಮಿನ ಕಪಾಟಿನಲ್ಲಿ ಇದೆ.

ಫ್ರೀಮಾಂಟ್ ಸೊಸೆ:

ಎಷ್ಟು ದಿನದಿಂದ?

ನಿವೃತ್ತ ಮೇಷ್ಟ್ರು:

ಮೂರು ವಾರ.

ಬಿಲ್ಲಿಂಗ್ ಅಕ್ಕ:

ಮೇಷ್ಟ್ರೇ, ಅದಕ್ಕೆ ಎಕ್ಸ್‌ಪೈರಿ ಡೇಟ್ ಇರುತ್ತದೆ. ನಾಳೆ ಬೆಳಿಗ್ಗೆ ಆರಕ್ಕೆ ಸರಿಯಾಗಿ ಮುಗಿಸಿ.